ಮನೆ ಬಾಡಿಗೆ ಚೌಕಾಸಿ: ‘ಸ್ವಲ್ಪ ಕಡಿಮೆ ಮಾಡಿ’ ಅನ್ನುವ ಮುಂಚೆ ಮಾಡಬೇಕಾದ ಕೆಲಸಗಳು

“ಸರ್, ಬಾಡಿಗೆ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ.” ಬೆಂಗಳೂರಿನಲ್ಲಿ ಮನೆ ಹುಡುಕುವವರೆಲ್ಲ ಹೇಳುವ ಮಾತು ಇದು. ಓನರ್ ಉತ್ತರವೂ ಎಲ್ಲ ಕಡೆ ಒಂದೇ. “ಇಲ್ಲಪ್ಪ, ಫೈನಲ್ ರೇಟೇ ಹೇಳಿರೋದು.” ಅಲ್ಲಿಗೆ ಚೌಕಾಸಿ ಮುಗೀತು.

ಸ್ವಲ್ಪ ಅಂದರೆ ಎಷ್ಟು ಅನ್ನುವುದು ಕೇಳಿದವರಿಗೇ ಗೊತ್ತಿರುವುದಿಲ್ಲ. ಯಾಕೆ ಕಡಿಮೆ ಮಾಡಬೇಕು ಅಂತಲೂ ಹೇಳಿರುವುದಿಲ್ಲ. ಎಷ್ಟೋ ಸಲ ಈ ಮಾತು ಬಾಯಿಗೆ ಬರುವುದೇ ಟೋಕನ್ ಕೊಟ್ಟ ಮೇಲೆ. ನಾನೂ ಹಾಗೆ ಎಡವಿದವನೇ. ಒಂದು ಸಲ 5,000 ರೂಪಾಯಿ ಟೋಕನ್ ಕಳಿಸಿ, ಮರುದಿನ ಫೋನ್ ಮಾಡಿ “ಒಂದು ಸಾವಿರ ಬಿಟ್ಟುಕೊಡಿ” ಅಂದೆ. ಓನರ್ ನಕ್ಕುಬಿಟ್ಟರು. “ನಿನ್ನೆ ಯಾಕೆ ಕೇಳಲಿಲ್ಲ?” ಅಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮಾತಿನ ಚಾಲಾಕಿತನಕ್ಕಿಂತ ಇಲ್ಲಿ ಕೆಲಸಗಳ ಸರದಿ ಮುಖ್ಯ. ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಉದ್ದಕ್ಕೂ ಒಂದೇ ಮನೆ ಇಟ್ಟುಕೊಂಡಿದ್ದೇನೆ: ಡಬಲ್ ಬೆಡ್‌ರೂಮ್, ತಿಂಗಳಿಗೆ 22,000 ಬಾಡಿಗೆ, 10 ತಿಂಗಳ ಅಡ್ವಾನ್ಸ್, 11 ತಿಂಗಳ ಅಗ್ರಿಮೆಂಟ್.

ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ಸಣ್ಣ ನೋಟ್‌ಬುಕ್. ಕೆಲಸದ ಐಡಿ ಕಾರ್ಡ್. ಈಗಿನ ಮನೆಯ ಬಾಡಿಗೆಯನ್ನು ಪ್ರತಿ ತಿಂಗಳು ಸರಿಯಾದ ದಿನಕ್ಕೆ ಕಟ್ಟಿದ್ದೀರಿ ಅಂತ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್. ಹಳೆ ಓನರ್ ಜೊತೆ ಸಂಬಂಧ ಚೆನ್ನಾಗಿದ್ದರೆ, ಕೇಳಿದವರಿಗೆ ಕೊಡಲು ಅವರ ಫೋನ್ ನಂಬರ್, ಅವರ ಒಪ್ಪಿಗೆ ಪಡೆದು. ಇಷ್ಟು ಸಾಕು.

1. ಆ ಬೀದಿಯ ನಿಜವಾದ ಬಾಡಿಗೆ ತಿಳಿದುಕೊಳ್ಳಿ

ಆ್ಯಪ್‌ಗಳಲ್ಲಿ ಕಾಣುವುದು ಓನರ್ ಕೇಳುತ್ತಿರುವ ಬಾಡಿಗೆ. ಬಾಡಿಗೆಗೆ ಇರುವವರು ಕೊಡುತ್ತಿರುವುದು ಬೇರೆ. ನಿಮಗೆ ಬೇಕಾಗಿರುವುದು ಈ ಎರಡನೆಯದು, ಅದು ಸಿಗುವುದು ಬೀದಿಯಲ್ಲಿ ನಡೆದಾಗಲೇ.

ಮೂಲೆಯ ಇಸ್ತ್ರಿ ಅಂಗಡಿಯವರನ್ನು ಕೇಳಿ. ಯಾವ ಮನೆ ಯಾವಾಗ ಖಾಲಿ ಆಯಿತು, ಯಾರು ಯಾಕೆ ಬಿಟ್ಟರು, ಎಲ್ಲ ಅವರಿಗೆ ಗೊತ್ತಿರುತ್ತದೆ. ಅಪಾರ್ಟ್‌ಮೆಂಟ್ ಆದರೆ ಸೆಕ್ಯುರಿಟಿಯವರು. ಅದೇ ಬಿಲ್ಡಿಂಗ್‌ನ ಬೇರೆ ಬಾಡಿಗೆದಾರರು ಸಿಕ್ಕರಂತೂ ಅದೃಷ್ಟ. “ಇಲ್ಲಿಗೆ ಬರಬೇಕು ಅಂತಿದ್ದೀವಿ, ನೀರು ಹೇಗೆ?” ಅಂತ ಶುರು ಮಾಡಿ. ಬಾಡಿಗೆ ಎಷ್ಟು ಅಂತ ಎರಡನೇ ಪ್ರಶ್ನೆ ಕೇಳಿ.

ಕನಿಷ್ಠ ಮೂರು ಮನೆಗಳ ವಿವರ ನೋಟ್‌ಬುಕ್‌ನಲ್ಲಿ ಇರಲಿ. ಬಾಡಿಗೆ ಮಾತ್ರ ಬರೆದರೆ ಪ್ರಯೋಜನವಿಲ್ಲ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಕಾರ್ ಪಾರ್ಕಿಂಗ್ ಇದೆಯಾ, ಕಾವೇರಿ ನೀರೋ ಬರೀ ಬೋರ್‌ವೆಲ್ಲೋ, ಇವೂ ಬೇಕು. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಬಾಡಿಗೆ ತೋರಿಸಿ ಗ್ರೌಂಡ್ ಫ್ಲೋರ್‌ಗೆ ಚೌಕಾಸಿ ಮಾಡಿದರೆ ಯಾರೂ ಒಪ್ಪುವುದಿಲ್ಲ.

ಮನೆ ಎಷ್ಟು ದಿನದಿಂದ ಖಾಲಿ ಇದೆ ಅನ್ನುವುದೂ ಗೊತ್ತಾಗಬೇಕು. ಓನರ್‌ನ ಕೇಳಿದರೆ “ಮೊನ್ನೆ ತಾನೇ ಖಾಲಿ ಆಯ್ತು” ಅಂತಾರೆ. ಮನೆ ಬೇರೆಯದೇ ಹೇಳುತ್ತದೆ. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡಿನ ಕೆಂಪು ಬಣ್ಣ ಬಿಸಿಲಿಗೆ ತಿಳಿಯಾಗಿದೆಯಾ ನೋಡಿ. ಅಡುಗೆಮನೆಯ ಸಿಂಕ್ ಹತ್ತಿರ ಬಗ್ಗಿದರೆ ಮೋರಿ ವಾಸನೆ ಬರುತ್ತಿದ್ದರೆ, ಪೈಪಿನ ಬಾಗಿನಲ್ಲಿ ನಿಲ್ಲುವ ನೀರು ಒಣಗಿಹೋಗಿದೆ ಅಂತ ಅರ್ಥ. ಅಂದರೆ ಬಹಳ ದಿನದಿಂದ ನಲ್ಲಿ ತಿರುಗಿಸಿದವರಿಲ್ಲ. ಮೀಟರ್ ಹತ್ತಿರ ಬೆಸ್ಕಾಂ ಬಿಲ್ ಸಿಕ್ಕಿಸಿದ್ದರೆ ಒಮ್ಮೆ ಕಣ್ಣಾಡಿಸಿ. ಯೂನಿಟ್ ಸೊನ್ನೆಯ ಹತ್ತಿರ ಇದ್ದರೆ ಉತ್ತರ ಸಿಕ್ಕಿತು.

2. ಬಾಡಿಗೆಯೊಳಗೆ ಅಡಗಿರುವ ಬಾಡಿಗೆ ಲೆಕ್ಕ ಹಾಕಿ

22,000ದ ಮನೆಗೆ ತಿಂಗಳಿಗೆ ನಿಜಕ್ಕೂ ಎಷ್ಟು ಬೀಳುತ್ತದೆ? ಕೂಡಿಸೋಣ.

ಮೆಂಟೆನೆನ್ಸ್ 2,500 ಅಂತಿಟ್ಟುಕೊಳ್ಳಿ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ಒಂದೇ ಅಗ್ರಿಮೆಂಟ್ ಅವಧಿ ಇದ್ದರೆ 22,000 ಭಾಗಿಸು 11, ಅಂದರೆ ತಿಂಗಳಿಗೆ 2,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಅದೂ ತಿಂಗಳಿಗೆ 2,000. ಅಡ್ವಾನ್ಸ್ 2,20,000 ಓನರ್ ಹತ್ತಿರ ಸುಮ್ನೆ ಕೂತಿರುತ್ತದೆ. ಅದನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 15,400, ಅಂದರೆ ತಿಂಗಳಿಗೆ ಸುಮಾರು 1,280 ಬಡ್ಡಿ ಬರುತ್ತಿತ್ತು.

ಒಟ್ಟು 29,780.

ಈ ಲೆಕ್ಕ ಯಾಕೆ ಬೇಕು ಅಂದರೆ, ಬಹಳಷ್ಟು ಜನ 22,000ದ ಮೇಲೆ ಮಾತ್ರ ಗುದ್ದಾಡಿ ಸೋತು ಬರುತ್ತಾರೆ. ಅದರ ಮೇಲಿನ 7,780 ರೂಪಾಯಿಯ ವಿಷಯ ಎತ್ತುವುದೇ ಇಲ್ಲ. ಓನರ್ ಮನಸ್ಸು ಸುಲಭವಾಗಿ ಕರಗುವುದು ಅಲ್ಲೇ.

ಈಗ ಮೂರು ಅಂಕಿ ಬರೆದುಕೊಳ್ಳಿ. ಬಾಯಲ್ಲಿ ಕೇಳುವುದು: 20,000. ಸಿಕ್ಕರೆ ಖುಷಿ: 20,500ರಿಂದ 21,000. ಇದಕ್ಕಿಂತ ಮೇಲೆ ಹೋದರೆ ಎದ್ದು ಬರುವುದು: 21,500. ಮೂರನೆಯದನ್ನು ಮನೆಯವರೆಲ್ಲ ಕೂತು, ಮನೆ ನೋಡುವ ಮೊದಲೇ ನಿರ್ಧರಿಸಿ. ನೋಡಿ ಬಂದ ಮೇಲೆ ನಿರ್ಧರಿಸಿದರೆ ಬಾಲ್ಕನಿ ನಿರ್ಧರಿಸುತ್ತದೆ, ನೀವಲ್ಲ.

22,000 ಹೇಳಿದವರ ಹತ್ತಿರ 15,000 ಕೇಳಬೇಡಿ. ಸೊಪ್ಪು ಕೊಳ್ಳುವಾಗ ಅರ್ಧಕ್ಕೆ ಕೇಳಬಹುದು. ಇಲ್ಲಿ ಹಾಗೆ ಕೇಳಿದರೆ ‘ಇವರು ಬಾಡಿಗೆ ಕಟ್ಟುವ ಗಿರಾಕಿ ಅಲ್ಲ’ ಅಂತ ಬಾಗಿಲು ಹಾಕುತ್ತಾರೆ.

3. ಯಾವಾಗ ಕೇಳಬೇಕು

ಓನರ್ ಕಡೆಯಿಂದ ನೋಡಿ. ಒಂದು ಸಾವಿರ ಬಿಟ್ಟುಕೊಟ್ಟರೆ 11 ತಿಂಗಳಿಗೆ ಅವರಿಗೆ ಹೋಗುವುದು 11,000. ಮನೆ 15 ದಿನ ಖಾಲಿ ಬಿದ್ದರೂ ಹೋಗುವುದು ಅಷ್ಟೇ. ಒಂದು ತಿಂಗಳು ಖಾಲಿ ಇದ್ದರೆ 22,000, ಅಂದರೆ ಎರಡು ಸಾವಿರ ಕಡಿಮೆಗೆ ಕೊಟ್ಟಷ್ಟೇ ಆಯಿತು. ಈ ಲೆಕ್ಕವನ್ನು ಅವರ ಮುಖಕ್ಕೆ ಹೇಳಬೇಡಿ. ಇಎಂಐ ಕಟ್ಟುವವರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ಆ ಲೆಕ್ಕ ಅವರನ್ನು ಕಾಡುತ್ತಿರುವ ಹೊತ್ತಿಗೆ ನೀವು ಅಲ್ಲಿರಬೇಕು, ಅಷ್ಟೇ.

ನಮ್ಮಲ್ಲಿ ಆ ಹೊತ್ತು ಪಂಚಾಂಗದಲ್ಲೇ ಇದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಬಹಳ ಜನ ಹಾಲು ಉಕ್ಕಿಸುವುದಿಲ್ಲ. ಆಷಾಢ ಶುರುವಾಗಲು ಒಂದು ವಾರ ಇದೆ, ಮನೆ ಇನ್ನೂ ಖಾಲಿ ಇದೆ ಅಂದರೆ ಮುಂದಿನ ಒಂದು ತಿಂಗಳು ಗಿರಾಕಿ ಸಿಗುವುದು ಕಷ್ಟ ಅನ್ನುವ ಚಿಂತೆ ಓನರ್‌ಗೆ ಇದ್ದೇ ಇರುತ್ತದೆ. ಆ ವಾರ ಹೋಗಿ. “ಈ ಶುಕ್ರವಾರವೇ ಹಾಲು ಉಕ್ಕಿಸಿಬಿಡ್ತೀವಿ, ಸಾಮಾನು ಆಮೇಲೆ ತರ್ತೀವಿ” ಅಂದರೆ ಆ ಮಾತಿಗೆ ಬೆಲೆಯಿದೆ. ನಿಮಗೆ ಆಷಾಢದ ಹಂಗಿಲ್ಲದಿದ್ದರೆ ಆ ಇಡೀ ತಿಂಗಳು ನಿಮ್ಮದೇ.

ಏಪ್ರಿಲ್, ಮೇ ತಿಂಗಳಲ್ಲಿ ಇದು ತಿರುಗುಮುರುಗು. ಮಕ್ಕಳ ಶಾಲೆಗೆ ರಜೆ, ವರ್ಗಾವಣೆ, ಎಲ್ಲರೂ ಆಗಲೇ ಮನೆ ಹುಡುಕುತ್ತಾರೆ. ನಿಮ್ಮ ಹಿಂದೆ ಇನ್ನಿಬ್ಬರು ಚಪ್ಪಲಿ ಬಿಟ್ಟು ನಿಂತಿರುತ್ತಾರೆ. ಆಗ ಬಾಡಿಗೆ ಬಿಟ್ಟು ಅಡ್ವಾನ್ಸ್, ಪೇಂಟಿಂಗ್ ಮೇಲೆ ಮಾತ್ರ ಗಮನ ಇಡಿ.

4. ಬ್ರೋಕರ್ ಹತ್ತಿರ ಎಷ್ಟು ಹೇಳಬೇಕು

ಬ್ರೋಕರ್ ಕೇಳುವ ಮೊದಲ ಪ್ರಶ್ನೆ “ಬಜೆಟ್ ಎಷ್ಟು ಸರ್?” ಇಲ್ಲಿ ನಿಜ ಹೇಳಿದರೆ ಅಷ್ಟಕ್ಕೇ ಮನೆ ತೋರಿಸುತ್ತಾರೆ, 18,000ದ ಮನೆಯೂ ಆಗ 22,000 ಆಗಬಹುದು. ನಿಮ್ಮ ಮಿತಿಗಿಂತ ಎರಡು ಸಾವಿರ ಕೆಳಗೆ ಹೇಳಿ.

ಹಾಗಂತ ಬ್ರೋಕರ್ ನಿಮ್ಮ ಶತ್ರು ಅಲ್ಲ. ಬಾಡಿಗೆ ಸಾವಿರ ಇಳಿದರೆ ಅವರಿಗೆ ಹೋಗುವುದು ಸಾವಿರ ರೂಪಾಯಿ ಮಾತ್ರ. ವ್ಯವಹಾರ ಮುರಿದರೆ ಇಪ್ಪತ್ತು ಸಾವಿರದ ಮೇಲೆ ಹೋಗುತ್ತದೆ. ಅವರಿಗೆ ಬೇಕಾಗಿರುವುದು ಬೇಗ ಮುಗಿಯುವುದು. “20,500ಕ್ಕೆ ಓನರ್‌ನ ಒಪ್ಪಿಸಿದರೆ ಇವತ್ತೇ ಟೋಕನ್” ಅನ್ನಿ. ನಿಮ್ಮ ಪರವಾಗಿ ಅವರೇ ಮಾತಾಡುತ್ತಾರೆ.

ಬ್ರೋಕರೇಜ್‌ನ ಚೌಕಾಸಿಯನ್ನು ಬೇರೆಯಾಗಿ, ಮನೆ ನೋಡುವ ಮೊದಲೇ ಮುಗಿಸಿ. ಹಣ ಕೊಡುವುದು ಮಾತ್ರ ಅಗ್ರಿಮೆಂಟ್‌ಗೆ ಸಹಿ ಬಿದ್ದ ಮೇಲೆ.

5. ಮನೆ ನೋಡುವಾಗ ಬಾಯಿ ಮುಚ್ಚಿಕೊಂಡು ನೋಡಿ

ಅಮ್ಮ “ಈ ಮೂಲೇಲಿ ದೇವರ ಫೋಟೊ ಇಡಬಹುದು ಅಲ್ವಾ?” ಅಂದ ಕ್ಷಣ ನಿಮ್ಮ ಸಾವಿರ ರೂಪಾಯಿ ಹೋಯಿತು. ಓನರ್ ಅದನ್ನು ಕೇಳಿಸಿಕೊಂಡಿರುತ್ತಾರೆ. ಮೆಚ್ಚುಗೆ ಎಲ್ಲ ಬೀದಿ ತಿರುವಿನಾಚೆ ಇರಲಿ.

ಎಲ್ಲ ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ಗೋಡೆಯ ಕೆಳಭಾಗದಲ್ಲಿ ತೇವ ಇದೆಯಾ ಕೈಯಿಟ್ಟು ನೋಡಿ. ಆಮೇಲೆ ಎರಡು ಪ್ರಶ್ನೆ ಕೇಳಲೇಬೇಕು.

ನೀರಿನದು ಮೊದಲು. ಬೋರ್‌ವೆಲ್ ಬತ್ತಿದರೆ ಟ್ಯಾಂಕರ್ ದುಡ್ಡು ಯಾರದು? 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು.

ಇನ್ನೊಂದು ಕರೆಂಟಿನದು. ನಿಮಗೇ ಬೇರೆ ಬೆಸ್ಕಾಂ ಮೀಟರ್ ಇದೆಯಾ, ಅಥವಾ ಇಡೀ ಬಿಲ್ಡಿಂಗ್‌ಗೆ ಒಂದೇ ಮೀಟರ್ ಇಟ್ಟು ಓನರ್ ಸಬ್ ಮೀಟರ್ ನೋಡಿ ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡುತ್ತಾರಾ? ಬೇರೆ ಮೀಟರ್ ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಸಬ್ ಮೀಟರ್ ಆದರೆ ಆ ಅನುಕೂಲ ನಿಮ್ಮ ಕೈಗೆ ಬರುವುದಿಲ್ಲ. ಚೌಕಾಸಿಯಲ್ಲಿ ಇದು ನ್ಯಾಯವಾದ ಕಾರಣ, ಬರೆದಿಟ್ಟುಕೊಳ್ಳಿ.

ದೊಡ್ಡ ತಪ್ಪು ಅಂದರೆ ಬಾಡಿಗೆ ಇಳಿಸಲು ಮನೆಯನ್ನು ಹೀಯಾಳಿಸುವುದು. “ಅಡುಗೆಮನೆ ಇಷ್ಟೇನಾ?” ಅಂದರೆ, ಸಾಲ ಮಾಡಿ ನಿಂತು ಕಟ್ಟಿಸಿದವರಿಗೆ ಚುಚ್ಚುತ್ತದೆ. ಕೊರತೆಯನ್ನು ಖರ್ಚಾಗಿ ಹೇಳಿ: “ಗೀಸರ್ ಕೆಟ್ಟಿದೆ. ನೀವೇ ಮಾಡಿಸಿಕೊಡ್ತೀರಾ, ಅಥವಾ ನಾವು ಮಾಡಿಸಿ ಮೊದಲ ತಿಂಗಳ ಬಾಡಿಗೆಯಲ್ಲಿ ಹಿಡಿದುಕೊಳ್ಳೋಣವಾ?”

6. ಮಾತಿಗೆ ಕೂರುವುದು

ಫೋನಿನಲ್ಲಿ ಬೇಡ, ವಾಟ್ಸ್‌ಆ್ಯಪ್‌ನಲ್ಲಂತೂ ಬೇಡವೇ ಬೇಡ. ಭಾನುವಾರ ಬೆಳಗ್ಗೆ ಹೋಗಿ. ಓನರ್ ಕೆಳಗಿನ ಮನೆಯಲ್ಲೇ ಇದ್ದರೆ ಆಂಟಿಯೂ ಇರುವಾಗ ಮಾತಾಡಿ. ನನ್ನ ಅನುಭವದಲ್ಲಿ ಲೆಕ್ಕ ಕೇಳುವವರು ಅಂಕಲ್, ತೀರ್ಮಾನ ಮಾಡುವವರು ಆಂಟಿ. ಅವರಿಗೆ ಬೇಕಾಗಿರುವುದು ಗಲಾಟೆ ಇಲ್ಲದ, ಐದನೇ ತಾರೀಖಿನೊಳಗೆ ಬಾಡಿಗೆ ಕೊಡುವ ಜನ. ಆ ಭರವಸೆ ಮೊದಲು ಸಿಗಲಿ, ಅಂಕಿ ಆಮೇಲೆ.

ಕಳೆದ ಸಲ ನಮ್ಮ ಮಾತು ಹೀಗೆ ನಡೆಯಿತು:

“ಅಂಕಲ್, ಮನೆ ನಮಗೆ ಸರಿಹೋಗುತ್ತೆ. ನಾವು ಮೂರೇ ಜನ. ಹಳೆ ಮನೇಲಿ ನಾಲ್ಕು ವರ್ಷ ಇದ್ವಿ, ಒಂದು ತಿಂಗಳೂ ಬಾಡಿಗೆ ತಡ ಮಾಡಿಲ್ಲ. ಬೇಕಿದ್ರೆ ಆ ಓನರ್‌ಗೇ ಫೋನ್ ಮಾಡಿ ಕೇಳಿ.”

“ಸರಿ, ಮತ್ತೆ?”

“ಹಿಂದಿನ ಬೀದೀಲಿ ಇಷ್ಟೇ ದೊಡ್ಡ ಎರಡು ಮನೆಗೆ 20,000, 20,500 ಕೊಡ್ತಿದ್ದಾರೆ. ಇಲ್ಲಿ ಕಾರ್ ಪಾರ್ಕಿಂಗೂ ಇಲ್ಲ. ಇಪ್ಪತ್ತು ಸಾವಿರಕ್ಕೆ ಕೊಟ್ರೆ ಒಂದನೇ ತಾರೀಖಿಂದಲೇ ಬರ್ತೀವಿ.”

ಇಷ್ಟು ಹೇಳಿ ನಾನು ಸುಮ್ಮನಾದೆ. ಅಂಕಲ್ ಕಿಟಕಿ ಕಡೆ ನೋಡಿದರು. ಒಳಗೆ ಕುಕ್ಕರ್ ಎರಡು ಸಲ ಕೂಗಿತು. ಆ ಮೌನ ತಡೆಯಲಾರದೆ “ಪರವಾಗಿಲ್ಲ, 21,500 ಆದ್ರೂ ಓಕೆ” ಅಂತ ಬಾಯಿಗೆ ಬಂದೇಬಿಟ್ಟಿತ್ತು. ಎಲ್ಲರೂ ಎಡವುವುದು ಆ ಅರ್ಧ ನಿಮಿಷದಲ್ಲೇ. ನೀರು ಕುಡಿಯಿರಿ, ಕಾಫಿ ಕೊಟ್ಟಿದ್ದರೆ ಕಾಫಿ ಕುಡಿಯಿರಿ, ಇನ್ನೊಂದು ಅಂಕಿ ಮಾತ್ರ ಹೇಳಬೇಡಿ. ಆಂಟಿ ಒಳಗಿಂದಲೇ “ಇಪ್ಪತ್ತೂವರೆ ಅಂತ ಮಾಡ್ಕೊಳ್ಳಿ” ಅಂದರು.

ಕಾನೂನು ತೆಗೆದು ಹೆದರಿಸುವ ಪ್ರಯತ್ನ ಬೇಡ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500ಕ್ಕಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವ ಹಾಗಿಲ್ಲ ಅಂತ ಕೆಲವರು ವಾದಿಸುತ್ತಾರೆ. ಅದು ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯ ಮಾತು. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಓನರ್ ಅದಕ್ಕೆ ಬದ್ಧ. ಒಪ್ಪಂದವೇ ಎಲ್ಲ, ಹಾಗಾಗಿ ಅದರಲ್ಲಿ ಏನು ಬರೆಯುತ್ತೀರಿ ಅನ್ನುವುದರ ಮೇಲೆ ಶ್ರಮ ಹಾಕಿ.

7. ‘ಆಗಲ್ಲ’ ಅಂದರೆ ಕೊಸರು ಕೇಳಿ

ಬಾಡಿಗೆ ಇಳಿಯಲಿಲ್ಲವಾ? ತೊಂದರೆಯಿಲ್ಲ. ಈಗ ಎರಡನೇ ಹಂತದ ಲೆಕ್ಕ ತೆಗೆಯಿರಿ. ಒಂದೊಂದಾಗಿ ಕೇಳಿ, ಒಟ್ಟಿಗೆ ಸುರಿಯಬೇಡಿ.

ಮೊದಲು ಪೇಂಟಿಂಗ್. “ಒಂದು ತಿಂಗಳ ಬಾಡಿಗೆ” ಅನ್ನುವ ಬದಲು “10,000 ಮಾತ್ರ” ಅಂತ ಬರೆಸಿದರೆ ನಿಮಗೆ 12,000 ಉಳಿಯಿತು. ತಿಂಗಳಿಗೆ ಸಾವಿರದ ಮೇಲಾಯಿತು. ಓನರ್‌ಗೆ ಇದು ಇವತ್ತು ಜೇಬಿನಿಂದ ಹೋಗುವ ಹಣ ಅಲ್ಲ, ಯಾವತ್ತೋ ಬರಬೇಕಾದ್ದು. ಅದಕ್ಕೇ ಬಾಡಿಗೆಗಿಂತ ಬೇಗ ಒಪ್ಪುತ್ತಾರೆ.

ಆಮೇಲೆ ವರ್ಷದ ಏರಿಕೆ. ಅಗ್ರಿಮೆಂಟ್‌ನಲ್ಲಿ ಶೇ 10 ಅಂತ ಇದ್ದರೆ ಶೇ 5 ಕೇಳಿ. 22,000 ಬಾಡಿಗೆ ಶೇ 10ರಂತೆ ಮೂರು ಸಲ ಏರಿದರೆ 29,282. ಶೇ 5 ಆದರೆ 25,467. ಮೂರು ವರ್ಷ ಇರುವ ಯೋಚನೆ ಇದ್ದವರಿಗೆ ಇವತ್ತಿನ ಐನೂರು ರೂಪಾಯಿಗಿಂತ ಇದು ದೊಡ್ಡದು.

ಇನ್ನು ಅಡ್ವಾನ್ಸ್. ಹತ್ತು ತಿಂಗಳದ್ದನ್ನು ಐದಕ್ಕೆ ಇಳಿಸಿದರೆ 1,10,000 ನಿಮ್ಮ ಹತ್ತಿರವೇ ಉಳಿಯುತ್ತದೆ. ಕೆಲವು ಓನರ್‌ಗಳು ಉಲ್ಟಾ ಹೇಳುತ್ತಾರೆ: “ಅಡ್ವಾನ್ಸ್ ಒಂದು ಲಕ್ಷ ಜಾಸ್ತಿ ಕೊಡಿ, ಬಾಡಿಗೆ ಸಾವಿರ ಕಡಿಮೆ ಮಾಡ್ತೀನಿ.” ಒಂದು ಲಕ್ಷಕ್ಕೆ ಶೇ 7ರಂತೆ ತಿಂಗಳಿಗೆ ಸಿಗುವ ಬಡ್ಡಿ 583. ಲೆಕ್ಕದಲ್ಲಿ ನಿಮಗೇ ಲಾಭ. ಆದರೆ ಅಡ್ವಾನ್ಸ್ ದೊಡ್ಡದಾದಷ್ಟೂ ಬಿಡುವಾಗ ವಾಪಸ್ ಪಡೆಯುವ ಒದ್ದಾಟವೂ ದೊಡ್ಡದು. ಹಿಂದೆ ಇದ್ದ ಬಾಡಿಗೆದಾರರಿಗೆ ಓನರ್ ಹೇಗೆ ವಾಪಸ್ ಕೊಟ್ಟರು ಅಂತ ತಿಳಿಯದೆ ಒಪ್ಪಬೇಡಿ.

ಬಾಡಿಗೆ ಶುರುವಾಗುವ ದಿನವನ್ನು ಹತ್ತು ದಿನ ಮುಂದಕ್ಕೆ ಹಾಕಿಸುವುದು, ಸೊಳ್ಳೆ ಪರದೆ, ಗೀಸರ್ ಹಾಕಿಸಿಕೊಳ್ಳುವುದು, ಇವೆಲ್ಲ ಸಣ್ಣ ಕೊಸರು. ಸಿಕ್ಕಷ್ಟು ಸಿಗಲಿ.

ಒಂದು ಎಚ್ಚರ. “ಬಾಡಿಗೆ ಕ್ಯಾಶ್ ಕೊಟ್ರೆ ಸಾವಿರ ಬಿಡ್ತೀನಿ” ಅಂದರೆ ತಕ್ಷಣ ತಲೆಯಾಡಿಸಬೇಡಿ. ಹಳೆ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಪಡೆಯುವವರಿಗೆ ಬಾಡಿಗೆ ಕಟ್ಟಿದ ದಾಖಲೆ ಬೇಕು, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ನಂಬರೂ ಬೇಕು. ಉಳಿದ ಸಾವಿರಕ್ಕಿಂತ ಕಟ್ಟುವ ತೆರಿಗೆ ಜಾಸ್ತಿ ಆಗಬಹುದು.

8. ಟೋಕನ್ ಕೊಡುವ ಮುಂಚೆ ನಿಲ್ಲಿ

ಟೋಕನ್ ಕೊಟ್ಟ ಮೇಲೆ ಚೌಕಾಸಿ ಇಲ್ಲ. ಮೇಲಿನದೆಲ್ಲ ಮುಗಿದ ಮೇಲೆ, ಒಪ್ಪಿದ್ದನ್ನು ಒಂದೇ ವಾಟ್ಸ್‌ಆ್ಯಪ್ ಮೆಸೇಜ್ ಆಗಿ ಓನರ್‌ಗೆ ಕಳಿಸಿ: ಬಾಡಿಗೆ, ಅಡ್ವಾನ್ಸ್, ಮೆಂಟೆನೆನ್ಸ್, ಪೇಂಟಿಂಗ್, ಏರಿಕೆ, ಶುರುವಿನ ದಿನ. “ಸರಿ” ಅಂತ ಉತ್ತರ ಬಂದ ಮೇಲೆ ಟೋಕನ್ ಕಳಿಸಿ. ನಗದು ಬೇಡ.

ಇಂಥವು ಕಂಡರೆ ಚೌಕಾಸಿ ಬಿಟ್ಟು ವಾಪಸ್ ಬನ್ನಿ:

ಬೀದಿಯಲ್ಲೆಲ್ಲ 22,000 ಇರುವಾಗ ಈ ಮನೆ ಮಾತ್ರ 13,000. ನೀವು ಕೇಳುವ ಮೊದಲೇ ಕಡಿಮೆ.

ಮನೆ ತೋರಿಸದೆ ಟೋಕನ್ ಕೇಳುತ್ತಾರೆ. “ಸೇನೆಯಲ್ಲಿದ್ದೇನೆ, ಊರಲ್ಲಿಲ್ಲ, ಈ ಕ್ಯೂಆರ್ ಸ್ಕ್ಯಾನ್ ಮಾಡಿ” ಅನ್ನುವುದು ಹಳೇ ಮೋಸ. ಹಣ ಪಡೆಯಲು ಯಾರೂ ಯುಪಿಐ ಪಿನ್ ಒತ್ತಬೇಕಾಗಿಲ್ಲ.

ಕರೆಂಟ್ ಬಿಲ್ ಅಥವಾ ಕಂದಾಯದ ರಸೀದಿ ತೋರಿಸಲು ಹಿಂದೇಟು ಹಾಕುತ್ತಾರೆ. ಒಂದು ಹೆಸರಿನವರು ಓನರ್, ಹಣ ಹೋಗಬೇಕಾದ ಖಾತೆ ಇನ್ನೊಂದು ಹೆಸರಲ್ಲಿ.

ಬಾಡಿಗೆ ಮಾತಾಡಲು ಹೋದರೆ “ಲೀಸ್‌ಗೆ ಹಾಕ್ಕೊಳ್ಳಿ, ಬಾಡಿಗೆಯೇ ಬೇಡ” ಅನ್ನುವುದು ಇನ್ನೊಂದು. ಭೋಗ್ಯದ ಪದ್ಧತಿ ತಪ್ಪಲ್ಲ. ಆದರೆ ಓನರ್‌ನಿಂದ ಬಾಡಿಗೆಗೆ ಪಡೆದು ನಿಮಗೆ ಭೋಗ್ಯಕ್ಕೆ ಕೊಡುವ ಮಧ್ಯದವರು ಇದ್ದಾರೆ. ಅವರು ಬಾಡಿಗೆ ಕಟ್ಟುವುದು ನಿಲ್ಲಿಸಿದ ದಿನ ನಿಜವಾದ ಓನರ್ ನಿಮ್ಮ ಬಾಗಿಲು ತಟ್ಟುತ್ತಾರೆ. ಓನರ್‌ನ ಮುಖ ನೋಡದೆ ಲಕ್ಷಗಳನ್ನು ಕೊಡಬೇಡಿ.

9. ಒಪ್ಪಿದ್ದನ್ನು ಅಗ್ರಿಮೆಂಟ್‌ಗೆ ಇಳಿಸಿ

ಟೈಪ್ ಮಾಡುವ ಅಂಗಡಿಯವರ ಹತ್ತಿರ ಒಂದು ರೆಡಿ ನಮೂನೆ ಇರುತ್ತದೆ. ಅದರಲ್ಲಿ ಶೇ 10 ಏರಿಕೆ, ಒಂದು ತಿಂಗಳ ಪೇಂಟಿಂಗ್ ಮೊದಲೇ ಅಚ್ಚಾಗಿರುತ್ತದೆ. ಗಂಟೆಗಟ್ಟಲೆ ಕೂತು ಗೆದ್ದದ್ದು ಆ ನಮೂನೆಯಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಸ್ಟಾಂಪ್ ಪೇಪರ್‌ಗೆ ಹೋಗುವ ಮುಂಚೆ ಡ್ರಾಫ್ಟ್ ತರಿಸಿ, ಪ್ರತಿ ಸಾಲು ಓದಿ.

ನೋಟಿಸ್ ಅವಧಿ ಇಬ್ಬರಿಗೂ ಒಂದೇ ಇದೆಯಾ ನೋಡಿ. ಅಡ್ವಾನ್ಸ್ ಯಾವ ದಿನ ವಾಪಸ್ ಅನ್ನುವುದೂ ಬೇಕು: “ಕೀ ಕೊಟ್ಟ ದಿನ” ಅಂತ ಬರೆಸಿ, “ಹೊಸ ಬಾಡಿಗೆದಾರರು ಬಂದ ಮೇಲೆ” ಅಂತ ಇದ್ದರೆ ಹೊಡೆದುಹಾಕಿಸಿ. 11 ತಿಂಗಳ ಲೆಕ್ಕ ಯಾಕೆ ಅಂತ ಕೆಲವರು ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಲು ಈ ರೂಢಿ.

10. ಇರುವ ಮನೆಯಲ್ಲೇ ಏರಿಕೆ ತಡೆಯುವುದು

ಅವಧಿ ಮುಗಿಯಲು ಎರಡು ತಿಂಗಳು ಇರುವಾಗಲೇ ಮಾತು ತೆಗೆಯಿರಿ. ಕೊನೇ ವಾರದಲ್ಲಿ ಓನರ್ “ಮುಂದಿನ ತಿಂಗಳಿಂದ 25,000” ಅಂದರೆ ನಿಮಗೆ ಬೇರೆ ಮನೆ ನೋಡಲು ಸಮಯವೇ ಇರುವುದಿಲ್ಲ, ಅದು ಅವರಿಗೂ ಗೊತ್ತು.

ಹೋಗುವ ಮುಂಚೆ ಮೊದಲ ಹಂತದ ಹಾಗೆ ಮೂರು ಮನೆ ನೋಡಿ ಬನ್ನಿ. ಬಾಡಿಗೆ ಕಟ್ಟಿದ ದಿನಾಂಕಗಳು, ನೀವೇ ಮಾಡಿಸಿದ ರಿಪೇರಿಗಳ ಬಿಲ್ ಜೊತೆಗಿರಲಿ. ಹೇಳಬೇಕಾದ ಮಾತು ಇಷ್ಟೇ: “ಆಂಟಿ, ಇಲ್ಲೇ ಇರಬೇಕು ಅಂತ ಇಷ್ಟ. ಶೇ 5 ಆದರೆ ಇವತ್ತೇ ಮುಂದುವರಿಸೋಣ.” ‘ಇಲ್ಲಾಂದ್ರೆ ಖಾಲಿ ಮಾಡ್ತೀನಿ’ ಅನ್ನುವುದನ್ನು ನಿಜಕ್ಕೂ ಖಾಲಿ ಮಾಡಲು ತಯಾರಿದ್ದರೆ ಮಾತ್ರ ಹೇಳಿ. ಎಷ್ಟೋ ಓನರ್‌ಗಳು “ಸರಿ, ಮಾಡಿ” ಅಂದುಬಿಡುತ್ತಾರೆ.

ಅಗ್ರಿಮೆಂಟ್‌ನಲ್ಲಿ ಶೇ 5 ಅಂತ ಇದ್ದೂ ಜಾಸ್ತಿ ಕೇಳಿದರೆ ಜಗಳ ಬೇಡ. ಆ ಪುಟದ ಫೋಟೊ ಕಳಿಸಿ, “ನಾವು ಬರೆದದ್ದು ಹೀಗಿದೆ ಅಂಕಲ್, ಒಮ್ಮೆ ನೋಡಿ” ಅನ್ನಿ. ಎರಡು ದಿನ ಬಿಟ್ಟು ಮನೆಗೆ ಹೋಗಿ ಮಾತಾಡಿ. ಒಪ್ಪಿದರೆ ಹಳೆ ಅಗ್ರಿಮೆಂಟ್ ಹಿಂದೆ ಪೆನ್ನಿನಲ್ಲಿ ಬರೆಯುವುದು ಬೇಡ, ಹೊಸದೇ ಮಾಡಿಸಿ. ಹಳೆ ಅಡ್ವಾನ್ಸ್ ಮೊತ್ತವನ್ನು ಅದರಲ್ಲಿ ಮತ್ತೆ ಬರೆಸುವುದನ್ನು ಮರೆಯಬೇಡಿ.